ಮಗನ ಟ್ರೈನ್ ಸೆಟ್ ಮತ್ತೆ ಓಡೋಕೆ ಎರಡು ತಿಂಗಳು ಹಿಡೀತು

ಮೊನ್ನೆ ಭಾನುವಾರ ಸಂಜೆ ನಮ್ಮನೆ ಹಾಲ್‌ನಲ್ಲಿ ಕೆಂಪು ಮೂತಿಯ ಇಂಜಿನ್ನು ಮೂರು ಬೋಗಿ ಎಳ್ಕೊಂಡು ಪೂರ್ತಿ ಒಂದು ಸುತ್ತು ಹೊಡೀತು, ಎಲ್ಲೂ ನಿಲ್ಲಲಿಲ್ಲ, ಹಳಿ ತಪ್ಪಲಿಲ್ಲ. ಏಪ್ರಿಲ್ 10ಕ್ಕೆ ಡಬ್ಬ ಬಿಚ್ಚಿದ್ದು, ಓಡಿದ್ದು ಜೂನ್ ಎರಡನೇ ವಾರಕ್ಕೆ. ನನಗೆ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ, ಬಟ್ಟೆ ಅಂಗಡೀಲಿ ಅಕೌಂಟ್ಸ್ ಬರೆಯೋಳು ನಾನು. ಈ ಎರಡು ತಿಂಗಳಲ್ಲಿ ಯಾರನ್ನ ಕೇಳಿದ್ರೂ "ಬಿಸಾಕಿ ಹೊಸದು ಕೊಡ್ಸಿ" ಅಂದ್ರೇ ಹೊರತು ಮೊದಲು ಏನ್ ನೋಡ್ಬೇಕು, ಆಮೇಲೆ ಏನ್ ನೋಡ್ಬೇಕು ಅಂತ ಒಬ್ಬರೂ ಹೇಳಲಿಲ್ಲ. ಅದು ಗೊತ್ತಿದ್ದಿದ್ರೆ ಸಾವಿರದ ಮೇಲೆ ದುಡ್ಡು, ಎಷ್ಟೋ ದಿನ ಟೈಮು ಉಳೀತಿತ್ತು. ಯಾರದಾದ್ರೂ ಮನೇಲಿ ಇಂಥದೊಂದು ಸೆಟ್ ಅಟ್ಟದ ಮೇಲೆ ಬಿದ್ದಿದ್ರೆ ಉಪಯೋಗ ಆಗ್ಲಿ ಅಂತ ನಡೆದಿದ್ದೆಲ್ಲ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ನಮ್ಮನೆ ಇರೋದು ದಾವಣಗೆರೆ ಊರೊಳಗೆ, ರೈಲ್ವೆ ಗೇಟಿಗೆ ಹತ್ರ. ಗೇಟ್ ಹಾಕಿದ್ರೆ ಎರಡೂ ಕಡೆ ಗಾಡಿ ಸಾಲು ನಿಲ್ಲೋದು ಊರಿನೋರಿಗೆಲ್ಲ ತಲೆನೋವು, ನನ್ನ ಮಗನಿಗೆ ಮಾತ್ರ ಅದೇ ಖುಷಿ. ಗೂಡ್ಸ್ ಬಂದ್ರೆ ವ್ಯಾಗನ್ ಎಣಿಸ್ತಾನೆ, 2023ರಲ್ಲಿ ಬೆಂಗಳೂರು ಧಾರವಾಡ ವಂದೇ ಭಾರತ್ ಶುರುವಾದಾಗಿಂದ ಅದು ದಾಟೋದನ್ನ ನೋಡೋಕೆ ಅಂತಾನೇ ಗೇಟ್ ತನಕ ನಡ್ಕೊಂಡು ಹೋಗಿ ನಿಲ್ತಾನೆ. ನಮ್ಮ ಮಾವನೋರು, ಅಂದ್ರೆ ಮಗನ ಅಜ್ಜ, ರೈಲ್ವೇಲಿ ಕೀಮನ್, ಅಂದ್ರೆ ಹಳಿ ಮೇಲೆ ನಡೆದು ಹಳಿ ನೋಡ್ಕೊಳ್ಳೋ ಕೆಲಸದೋರು, ಆಗಿ ರಿಟೈರ್ ಆದೋರು. 1992ರಲ್ಲಿ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರೋ ಯೂನಿಗೇಜ್ ಯೋಜನೆ ಶುರುವಾದ ಮೇಲೆ ನಮ್ಮ ಲೈನು ಮೀಟರ್ ಗೇಜಿಂದ ಬ್ರಾಡ್ ಗೇಜ್ ಆಯ್ತಲ್ಲ, ಆ ಕೆಲಸದಲ್ಲಿ ಗ್ಯಾಂಗ್ ಜೊತೆ ಹಳಿ ಎತ್ತಿದೋರು. ಹಾಗಾಗಿ ಮನೇಲಿ ರೈಲಿನ ಮಾತು ಮುಗಿಯೋದೇ ಇಲ್ಲ.

ಸೆಟ್ ತಂದಿದ್ದು ನಮ್ಮಣ್ಣ. ಅಮೆರಿಕದಲ್ಲಿದಾನೆ, ಅಲ್ಲಿ ಮನೆ ಮುಂದೆ ಹಳೇ ಸಾಮಾನು ಇಟ್ಟು ಮಾರ್ತಾರಂತೆ, ಅಲ್ಲಿ ತಗೊಂಡಿದ್ದನ್ನ ಎರಡು ವರ್ಷದ ಹಿಂದೆ ಊರಿಗೆ ಬಂದಾಗ ತಂದ್ಕೊಟ್ಟ. ಎಚ್‌ಓ ಅನ್ನೋ ಅಳತೆದು, ನಿಜವಾದ ರೈಲಿನ 87ನೇ ಒಂದು ಭಾಗ, ಎರಡು ಹಳಿ ನಡುವೆ 16.5 ಮಿಲಿಮೀಟರ್, ಈ ಅಗಲಕ್ಕೇ ಗೇಜ್ ಅನ್ನೋದು. ಹಳಿಯಲ್ಲೇ ಕರೆಂಟು ಹರಿದು ಚಕ್ರದ ಮೂಲಕ ಇಂಜಿನ್ನಿಗೆ ಹೋಗುತ್ತೆ, ಸೆಲ್ ಹಾಕೋ ಆಟಿಕೆ ಅಲ್ಲ ಇದು. ತಂದ ದಿನ ಸಂಜೆನೇ ಎಲ್ಲಾ ಜೋಡಿಸಿದ್ವಿ. ಅಡಾಪ್ಟರ್ ಪಿನ್ನು ಚಪ್ಪಟೆ ಇತ್ತು, ನಮ್ಮ ಸಾಕೆಟ್ಟಿಗೆ ಹಿಡೀತಿರ್ಲಿಲ್ಲ, ಅಂಗಡಿಗೆ ಹೋಗಿ ಅರವತ್ತು ರೂಪಾಯಿಗೆ ಒಂದು ಟ್ರಾವೆಲ್ ಪ್ಲಗ್ ತಂದು ಅದರ ಮೂಲಕ ಚುಚ್ಚಿದೆ. ಹತ್ತು ಸೆಕೆಂಡೂ ಆಗಿರ್ಲಿಲ್ಲ, ಟಪ್ ಅಂತ ಸದ್ದು, ಸುಟ್ಟ ವಾಸನೆ, ಹೊಗೆ. ಮಗನಿಗೆ ಆಗ ಐದು ವರ್ಷ, ಇಂಜಿನ್ನನ್ನ ಕೈಯಲ್ಲಿ ಹಿಡ್ಕೊಂಡು ಹಳಿ ಮೇಲೆ ಇಡೋಕೆ ಕಾಯ್ತಾ ಕೂತಿದ್ದ. ಅವತ್ತು ಅವನು ಅತ್ತಿದ್ದು ನನಗೆ ಇವತ್ತಿಗೂ ಮರೆಯೋಕೆ ಆಗಿಲ್ಲ.

ತಪ್ಪು ಏನಂದ್ರೆ, ಅಲ್ಲಿ ಮನೆ ಕರೆಂಟು 120 ವೋಲ್ಟ್, ನಮ್ಮಲ್ಲಿ 230. ಟ್ರಾವೆಲ್ ಪ್ಲಗ್ ಪಿನ್ನಿನ ಆಕಾರ ಬದಲಾಯಿಸುತ್ತೆ ಅಷ್ಟೇ, ವೋಲ್ಟೇಜ್ ಇಳಿಸಲ್ಲ. ಅಡಾಪ್ಟರ್ ಹಿಂದೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ 120 ವೋಲ್ಟ್, 60 ಹರ್ಟ್ಸ್ ಅಂತ ಬರ್ದಿತ್ತು, ನಾನು ಓದಿರ್ಲಿಲ್ಲ. ಮೊಬೈಲ್ ಚಾರ್ಜರ್ ಮೇಲೆ 100ರಿಂದ 240 ಅಂತ ಇರುತ್ತೆ, ಅದು ಎಲ್ಲಿಗೆ ಹೋದ್ರೂ ನಡೆಯುತ್ತೆ, ಹಳೇ ಆಟಿಕೆ ಅಡಾಪ್ಟರ್ ಹಾಗಲ್ಲ. ಹೊರದೇಶದಿಂದ ಯಾರಾದ್ರೂ ಏನಾದ್ರೂ ತಂದ್ರೆ ದಯವಿಟ್ಟು ಚುಚ್ಚೋಕೆ ಮುಂಚೆ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಆ ಲೇಬಲ್ ಓದಿ.

ಅಮೇಲೆ ಸೆಟ್ ಅಟ್ಟಕ್ಕೆ ಹೋಯ್ತು. ಎರಡು ಮಳೆಗಾಲ ಅಲ್ಲೇ ಇತ್ತು. ಮಗನೂ ಕೇಳೋದು ಬಿಟ್ಟ.

ಈ ಸಲ ಬೇಸಿಗೆ ರಜೆ ಶುರುವಾದ ದಿನ ಬೀದಿ ಹುಡುಗರ ಜೊತೆ ಆಡ್ತಾ "ನಮ್ಮನೇಲಿ ಕರೆಂಟ್ ಟ್ರೈನ್ ಐತೆ, ಅಮೆರಿಕದ್ದು" ಅಂದಿದಾನೆ. ಪಕ್ಕದ ಮನೆ ಹುಡುಗ "ಸುಳ್ಳು, ಇದ್ರೆ ತೋರ್ಸು" ಅಂದ. ಇವನು ಒಳಗೆ ಬಂದು ನನ್ನ ಮುಖ ನೋಡಿ, ಏನೂ ಕೇಳದೆ, ನೀರು ಕುಡಿದು ಹೊರಗೆ ಹೋಗಿ "ಕೆಟ್ಟೋಗೈತೆ" ಅಂತ ಮೆಲ್ಲಗೆ ಹೇಳಿದ. ಕಿಟಕಿ ಹತ್ರ ನಿಂತ್ಕೊಂಡು ಕೇಳಿಸ್ಕೊಂಡೆ. ಅವತ್ತು ರಾತ್ರಿ ಊಟ ಆದ ಮೇಲೆ ಏಣಿ ಹಾಕಿ ಡಬ್ಬ ಇಳಿಸಿದೆ.

ಡಬ್ಬದ ಒಂದು ಮೂಲೆ ನೀರು ಕುಡಿದು ಮೆತ್ತಗಾಗಿತ್ತು, ಅದರ ಕೆಳಗಿದ್ದ ಹಳಿಗಳೆಲ್ಲ ಕಬ್ಬಿಣದ ಬಣ್ಣ ಬಿಟ್ಟು ಕಾವಿ ಬಣ್ಣಕ್ಕೆ ತಿರುಗಿದ್ವು. ಬೋಗಿಗಳಲ್ಲಿ ಜಿರಲೆ ಮೊಟ್ಟೆ. ಇಂಜಿನ್ ಮಾತ್ರ ಥರ್ಮೋಕೋಲ್ ಒಳಗಿದ್ದಿದ್ರಿಂದ ಬಣ್ಣ ಹೊಳೀತಾ ಇತ್ತು. ಒಂದು ಸುತ್ತಿಗೆ ಹನ್ನೆರಡು ಕರ್ವ್ ಪೀಸ್ ಬೇಕು, ಒಂದೊಂದು 30 ಡಿಗ್ರಿ ತಿರುಗುತ್ತೆ, ಹನ್ನೆರಡು ಸೇರಿದ್ರೆ 360. ಒಂಬತ್ತು ಚೆನ್ನಾಗಿದ್ವು. ಮೂರರಲ್ಲಿ ಹಳಿ ಅದರ ಕೆಳಗಿನ ಪ್ಲಾಸ್ಟಿಕ್ ಅಡ್ಡಪಟ್ಟಿಯಿಂದ (ಸ್ಲೀಪರ್) ಕಿತ್ಕೊಂಡು ಬಂದು, ತುದಿ ಉದುರಿ ಹೋಗಿತ್ತು.

ಇಲ್ಲಿಂದ ನನ್ನ ಮೊದಲ ಕೆಲವು ದಿನ ವ್ಯರ್ಥ ಆಗಿದ್ದು. ಅವತ್ತು ಹೊಗೆ ಬಂತಲ್ಲ, ಆದ್ದರಿಂದ ಇಂಜಿನ್ ಒಳಗಿನ ಮೋಟರ್ ಸುಟ್ಟಿದೆ ಅಂತ ನಾನೇ ತೀರ್ಮಾನ ಮಾಡ್ಕೊಂಡಿದ್ದೆ. ಊರಲ್ಲಿ ಒಬ್ಬ ರಿಪೇರಿಯೋರ ಹತ್ರ ತಗೊಂಡು ಹೋದೆ. ನಾಲ್ಕು ದಿನ ಇಟ್ಕೊಂಡ್ರು, ದಿನಾ ಅಂಗಡಿ ಮುಗಿಸ್ಕೊಂಡು ಹೋಗಿ ಕೇಳೋದು, ನಾಳೆ ಬನ್ನಿ ಅನ್ನೋದು, ಕೊನೆಗೆ "ಮೋಟರ್ ಹೋಗಿದೆ ಮೇಡಂ, ಇದು ಇಲ್ಲಿ ಸಿಗಲ್ಲ" ಅಂತ ಹೇಳಿ ನೂರೈವತ್ತು ರೂಪಾಯಿ ತಗೊಂಡ್ರು. ಬಿಚ್ಚಿ ನೋಡಿದ ಗುರುತೂ ಇರ್ಲಿಲ್ಲ, ಸ್ಕ್ರೂ ಮೇಲಿನ ಧೂಳು ಹಾಗೇ ಇತ್ತು. ನಾನು ಆನ್‌ಲೈನಲ್ಲಿ 12 ವೋಲ್ಟಿಂದು ಒಂದು ಸಣ್ಣ ಮೋಟರ್ ತರಿಸಿದೆ, 420 ರೂಪಾಯಿ, ಬಂದಾಗ ನೋಡಿದ್ರೆ ಇಂಜಿನ್ ಒಳಗೆ ಕೂರೋದೇ ಇಲ್ಲ, ದಪ್ಪ ಜಾಸ್ತಿ. ವಾಪಸ್ ತಗೊಳ್ಳಲ್ಲ ಅಂದ್ರು.

ಆ ರಾತ್ರಿ ಅಣ್ಣನಿಗೆ ಫೋನ್ ಮಾಡಿ ಬೇಜಾರು ಹೇಳ್ಕೊಂಡೆ. ಅವನು ಒಂದೇ ಪ್ರಶ್ನೆ ಕೇಳಿದ: "ಅವತ್ತು ಸುಟ್ಟಾಗ ಇಂಜಿನ್ ಹಳಿ ಮೇಲಿತ್ತಾ?" ಇರ್ಲಿಲ್ಲ! ಮಗನ ಕೈಯಲ್ಲಿತ್ತು. ಅಂದ್ಮೇಲೆ ಇಂಜಿನ್ನಿಗೆ ಕರೆಂಟೇ ತಲುಪಿಲ್ಲ, ಮೋಟರ್ ಹೇಗೆ ಸುಡುತ್ತೆ? "ಒಂದು 9 ವೋಲ್ಟ್ ಬ್ಯಾಟರಿ ತಗೊಂಡು ಎರಡು ವಯರ್ ಹಿಡಿದು ಎಡಗಡೆ ಚಕ್ರಕ್ಕೊಂದು ಬಲಗಡೆ ಚಕ್ರಕ್ಕೊಂದು ತಾಗ್ಸು" ಅಂದ. ಬೆಳಿಗ್ಗೆನೇ ತಂದೆ, ಆ ಚೌಕಾಕಾರದ ಬ್ಯಾಟರಿ. ಇಂಜಿನ್ನನ್ನ ಟವೆಲ್ ಮೇಲೆ ಬೆನ್ನು ಕೆಳಗೆ ಮಾಡಿ ಮಲಗಿಸಿ, ಮಗನ ಕೈಲಿ ಬ್ಯಾಟರಿ ಕೊಟ್ಟು, ನಾನು ವಯರ್ ತಾಗಿಸಿದೆ. ಝುಂ ಅಂತ ಮೋಟರ್ ತಿರುಗ್ತು. ಮೂತಿಯ ಲೈಟ್ ಕೂಡ ಹತ್ತಿತು. ಮಗ ಬ್ಯಾಟರಿ ಕೆಳಗೆ ಹಾಕಿ "ಅಜ್ಜಾ, ಬದ್ಕೈತೆ!" ಅಂತ ಕೂಗ್ಕೊಂಡು ಹಿತ್ತಲಿಗೆ ಓಡಿದ. ಎರಡು ವರ್ಷ ಸತ್ತಿದೆ ಅಂತ ಅಟ್ಟದ ಮೇಲಿಟ್ಟಿದ್ದ ಸಾಮಾನು ಅದು, ನನಗೆ ಗಂಟಲು ಕಟ್ಟಿತು.

ಹಾಗಾಗಿ ಇದನ್ನ ಓದ್ತಿರೋರು ಯಾವ ಅಂಗಡಿಗೂ ಹೋಗೋಕೆ ಮುಂಚೆ ಈ ಬ್ಯಾಟರಿ ಪರೀಕ್ಷೆ ಮಾಡಿ. ಮೋಟರ್ ತಿರುಗಿದ್ರೆ ತೊಂದ್ರೆ ಅಡಾಪ್ಟರ್, ವಯರ್, ಹಳಿ ಇವುಗಳಲ್ಲಿದೆ. ತಿರುಗದಿದ್ರೂ ಹೆದರಬೇಡಿ, ಮೊದಲು ಚಕ್ರ ಒರೆಸಿ ಮತ್ತೆ ನೋಡಿ. ಚಕ್ರದ ಅಂಚಲ್ಲಿ ಕಪ್ಪು ಜಿಡ್ಡು ಕೂತಿರುತ್ತೆ, ಅದರ ಮೂಲಕ ಕರೆಂಟು ಹೋಗಲ್ಲ. ಮೆಡಿಕಲ್ ಶಾಪಲ್ಲಿ ಸಿಗೋ ಸರ್ಜಿಕಲ್ ಸ್ಪಿರಿಟ್ಟನ್ನ ಇಯರ್ ಬಡ್‌ಗೆ ಹಾಕಿ ಒರೆಸಿದ್ರೆ ಬಿಡುತ್ತೆ.

ಆಮೇಲೆ ಕರೆಂಟಿನ ವ್ಯವಸ್ಥೆ. ಮಂಡಿಪೇಟೆ ಹತ್ರ ಎಲೆಕ್ಟ್ರಾನಿಕ್ಸ್ ಸ್ಪೇರ್ ಮಾರೋ ಒಂದು ಸಣ್ಣ ಅಂಗಡಿ ಇದೆ, ಅಲ್ಲಿರೋ ಹುಡುಗ ಬಹಳ ತಾಳ್ಮೆಯಿಂದ ಹೇಳಿಕೊಟ್ಟ. 12 ವೋಲ್ಟ್ 1 ಆಂಪಿಯರ್ ಡಿಸಿ ಅಡಾಪ್ಟರ್ 180 ರೂಪಾಯಿ, ಸ್ಪೀಡ್ ಹೆಚ್ಚು ಕಮ್ಮಿ ಮಾಡೋಕೆ ಗುಂಡಿ ಇರೋ ಪಿಡಬ್ಲ್ಯುಎಂ ಬೋರ್ಡ್ 160, ಮುಂದಕ್ಕೆ ಹಿಂದಕ್ಕೆ ಓಡಿಸೋಕೆ ಆರು ಕಾಲಿನ ಡಿಪಿಡಿಟಿ ಸ್ವಿಚ್ಚು 25, ಅದನ್ನೆಲ್ಲ ಕೂರಿಸೋ ಪ್ಲಾಸ್ಟಿಕ್ ಡಬ್ಬಿ ಮತ್ತೆ ವಯರ್ 60. ಹಳಿಯಲ್ಲಿ ಪ್ಲಸ್ಸು ಮೈನಸ್ಸು ಅದಲು ಬದಲಾದ್ರೆ ಇಂಜಿನ್ ಉಲ್ಟಾ ಓಡುತ್ತೆ, ಆ ಸ್ವಿಚ್ಚಿನ ಒಂದು ಕಡೆಯ ಎರಡು ಕಾಲಿಗೂ ಇನ್ನೊಂದು ಕಡೆಯ ಎರಡು ಕಾಲಿಗೂ ವಯರ್ ಅಡ್ಡಡ್ಡ ಗುಣಾಕಾರದ ಗುರುತಿನ ಥರ ಬೆಸೆದ್ರೆ ಸಾಕು, ಅದೇ ಅದಲು ಬದಲು ಮಾಡುತ್ತೆ. ಸೋಲ್ಡರಿಂಗ್ ಆ ಹುಡುಗನೇ ಮಾಡ್ಕೊಟ್ಟ, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಜೊತೆಗೆ ಒಂದು ಮಲ್ಟಿಮೀಟರ್ ತಗೊಳ್ಳಿ ಅಂದ, 280 ರೂಪಾಯಿ. ಆಗ ದುಬಾರಿ ಅನ್ನಿಸ್ತು, ಈಗ ಹೇಳ್ತೀನಿ, ನಾನು ಈ ಕೆಲಸಕ್ಕೆ ತಗೊಂಡಿದ್ದರಲ್ಲೆಲ್ಲ ಹೆಚ್ಚು ಉಪಯೋಗಕ್ಕೆ ಬಂದಿದ್ದು ಅದೇ. ಹಳಿ ಮೇಲೆ ಎರಡು ಕಡ್ಡಿ ಇಟ್ರೆ ಎಲ್ಲಿ ತನಕ 12 ವೋಲ್ಟ್ ಬರ್ತಿದೆ, ಎಲ್ಲಿಂದ ನಿಂತಿದೆ ಅಂತ ತೋರಿಸಿಬಿಡುತ್ತೆ, ಊಹೆ ಮಾಡೋದೇ ಬೇಡ.

ಹಳಿ ವಿಷಯಕ್ಕೆ ಬಂದ್ರೆ ಮತ್ತೆ ಪೆಟ್ಟು ತಿಂದೆ. ಮೂರು ಕರ್ವ್ ಬೇಕಿತ್ತು. ದಾವಣಗೆರೆಯಲ್ಲಿ ಆಟಿಕೆ ಅಂಗಡಿ ಎಲ್ಲಾ ಸುತ್ತಿದೆ, ಎಲ್ಲಾ ಕಡೆ ಸೆಲ್ ಹಾಕೋ ಪ್ಲಾಸ್ಟಿಕ್ ಹಳಿದೇ ಇರೋದು. ಕೊನೆಗೆ ಬೆಂಗಳೂರಲ್ಲಿ ಒಬ್ಬರು ಹಳೇ ಹಳಿ ಮಾರ್ತಿರೋದು ಗೊತ್ತಾಯ್ತು. "ಗೇಜ್ 16.5 ಇದೆಯಾ" ಅಂತ ಕೇಳಿದೆ, ಇದೆ ಅಂದ್ರು, ಎಂಟು ಕರ್ವ್ 1,600 ರೂಪಾಯಿ, ಕೊರಿಯರ್ 180. ಬಂತು, ಜೋಡಿಸಿದ್ರೆ ಜಾಯಿಂಟ್ ಕೂಡ್ತದೆ, ಆದ್ರೆ ಸುತ್ತು ಕೂಡ್ತಿಲ್ಲ, ಕೊನೇಲಿ ಎರಡು ತುದಿ ಒಂದಕ್ಕೊಂದು ಸಿಗದೆ ಬಾಯಿ ಬಿಟ್ಕೊಂಡು ನಿಲ್ತದೆ. ಮಗ ಒತ್ತಿ ಕೂಡ್ಸಿದ, ಇನ್ನೊಂದು ಕಡೆ ಬಿಚ್ಕೊಳ್ತು. ಆಮೇಲೆ ಗೊತ್ತಾಗಿದ್ದು, ಅದು ಇಂಗ್ಲೆಂಡ್ ಕಡೆಯ ಹಳಿ. ಗೇಜ್ ಒಂದೇ ಆದ್ರೂ ಕರ್ವಿನ ತ್ರಿಜ್ಯ ಬೇರೆ. ನಮ್ಮ ಸೆಟ್ಟಿನದು 18 ಇಂಚು, ಅಂದ್ರೆ 457 ಮಿಲಿಮೀಟರ್, ಅದು 438. ಒಂದು ಪೀಸು ತಿರುಗೋ ಡಿಗ್ರಿನೂ ಬೇರೆ, ಎಂಟಕ್ಕೇ ಸುತ್ತು ಮುಗಿಯೋ ಹಳಿ ಅದು. ಮಾರಿದೋರದ್ದು ತಪ್ಪಿಲ್ಲ, ನಾನು ಕೇಳಿದ್ದಕ್ಕೆ ಸರಿಯಾಗೇ ಉತ್ತರ ಕೊಟ್ಟಿದ್ರು. ಬೇರೊಬ್ಬರಿಗೆ 1,200ಕ್ಕೆ ಮಾರಿದೆ. ಹಳಿ ಕೊಳ್ಳೋರು ಗೇಜ್ ಜೊತೆಗೆ ತ್ರಿಜ್ಯ ಎಷ್ಟು, ಸುತ್ತಿಗೆ ಎಷ್ಟು ಪೀಸು ಅಂತಾನೂ ಕೇಳಿ.

ಇದಕ್ಕೆ ದಾರಿ ತೋರಿಸಿದ್ದು ಮಾವನೋರು. ಅಲ್ಲೀತನಕ ಅವರು ಪೇಪರ್ ಓದ್ತಾ ಕೂತು ಸುಮ್ನೆ ನೋಡ್ತಿದ್ರು. "ತುಂಡು ಹಳಿ ಯಾಕ್ ಹುಡುಕ್ತೀಯವ್ವ, ಉದ್ದ ಹಳಿ ತಂದು ಬಗ್ಗಿಸ್ಕೋಬೇಕು, ನಾವು ಹಂಗೇ ಮಾಡ್ತಿದ್ವಿ" ಅಂದ್ರು. ಹುಡುಕಿದ್ರೆ ನಿಜವಾಗ್ಲೂ ಅಂಥದ್ದು ಸಿಗುತ್ತೆ, ಫ್ಲೆಕ್ಸ್ ಟ್ರ್ಯಾಕ್ ಅಂತ, ಮೂರಡಿ ಉದ್ದ, ಕೈಯಲ್ಲಿ ಹೇಗೆ ಬೇಕೋ ಹಾಗೆ ಬಗ್ಗುತ್ತೆ. ಲೆಕ್ಕ ಹಾಕಿದೆ: 18 ಇಂಚು ತ್ರಿಜ್ಯದಲ್ಲಿ ಒಂದು ಕರ್ವ್ ಪೀಸಿನ ಉದ್ದ ಒಂಬತ್ತೂವರೆ ಇಂಚಿಗೆ ಸ್ವಲ್ಪ ಕಮ್ಮಿ, ಮೂರಕ್ಕೆ 28 ಇಂಚು ಚಿಲ್ಲರೆ. 36 ಇಂಚಿನ ಒಂದೇ ಫ್ಲೆಕ್ಸ್ ಹಳಿ ಸಾಕು, ಇನ್ನೂ ಏಳು ಇಂಚು ಉಳಿಯುತ್ತೆ. ಹಳಿ, ಎರಡು ಹಳಿ ತುದಿ ಕೂಡ್ಸೋ ಜಾಯಿನರ್ ಒಂದು ಪ್ಯಾಕೆಟ್, ಕೊರಿಯರ್ ಎಲ್ಲಾ ಸೇರಿ 1,100 ಆಯ್ತು. ಇದು ನಿಕಲ್ ಸಿಲ್ವರ್ ಅನ್ನೋ ಲೋಹದ್ದು, ಹೆಸರಲ್ಲಿ ಬೆಳ್ಳಿ ಇದ್ರೂ ಒಳಗೆ ಇರೋದು ತಾಮ್ರ, ನಿಕಲ್, ಸತು. ಹಳೇದು ಉಕ್ಕಿಂದು, ಅದಕ್ಕೇ ತುಕ್ಕು ಹಿಡಿದಿದ್ದು. ಹೊಸದಾಗಿ ತಗೊಳ್ಳೋರು ನಿಕಲ್ ಸಿಲ್ವರ್‌ದೇ ತಗೊಳ್ಳಿ.

ಬಗ್ಗಿಸೋ ದಿನ ಮಾವನೋರು ಹಾಲ್‌ನಲ್ಲಿ ಸೋಫಾ ಸರಿಸಿ, ನೆಲದ ಮೇಲೆ ನಡುವೆ ಒಂದು ಕಡೆ ಮಗನ ಕೈಲಿ ದಾರದ ತುದಿ ಒತ್ತಿ ಹಿಡಿಸಿ, 18 ಇಂಚಿಗೆ ಸೀಮೆಸುಣ್ಣ ಕಟ್ಟಿ ಸುತ್ತ ಗೆರೆ ಎಳೆದ್ರು. ಆ ಗೆರೆ ಮೇಲೆ ಹಳಿ ಕೂರಿಸ್ತಾ ಹೋದ್ವಿ. ಬಗ್ಗಿಸಿದಾಗ ಒಳಗಡೆ ಹಳಿ ಉದ್ದ ಹೆಚ್ಚಾಗಿ ತುದಿಯಿಂದ ಆಚೆ ಬರುತ್ತೆ, ಅದನ್ನ ಹ್ಯಾಕ್ಸಾದಲ್ಲಿ ಕೊಯ್ದು ಅರದಿಂದ ಉಜ್ಜಿ ನುಣ್ಣಗೆ ಮಾಡ್ಬೇಕು, ಉಜ್ಜದಿದ್ರೆ ಜಾಯಿನರ್ ಒಳಗೆ ಹೋಗಲ್ಲ. ಜಾಯಿನರ್ ನೋಡಿದ ಕೂಡ್ಲೆ ಮಾವನೋರ ಮುಖ ಅರಳಿತು, "ಏ ಇದು ಫಿಶ್‌ಪ್ಲೇಟ್ ಕಣೋ" (ನಿಜವಾದ ಹಳಿ ಕೂಡ್ಸೋ ಪಟ್ಟಿಗೆ ಹಾಗಂತಾರೆ) ಅಂತ ಮೊಮ್ಮಗನ ಅಂಗೈ ಮೇಲಿಟ್ಟು ತೋರಿಸಿದ್ರು, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್, ಅಮೆರಿಕದ್ದು 1435, ಅದಕ್ಕೇ ಈ ಹಳಿ ನಮ್ಮದಕ್ಕಿಂತ ಕಿರಿದು ಕಾಣುತ್ತೆ ಅಂತಾನೂ ಅವನಿಗೆ ಹೇಳಿದ್ರು. ಹಳೇ ಒಂಬತ್ತು ಪೀಸಿನ ತುಕ್ಕು ತೆಗೆಯೋ ಕೆಲಸ ಅಜ್ಜ ಮೊಮ್ಮಗ ಇಬ್ಬರೇ ಮಾಡಿದ್ರು. ಒರಟು ಉಪ್ಪುಕಾಗದ ಹಾಕಬೇಡಿ, ಗೀರು ಬಿದ್ದು ಅದರಲ್ಲೇ ಮತ್ತೆ ಕೊಳೆ ಕೂರುತ್ತೆ. ಬಹಳ ನುಣುಪಿನದು ತಗೊಂಡು ಮೆಲ್ಲಗೆ ಉಜ್ಜಿ, ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಿ.

ಏಪ್ರಿಲ್ ಕೊನೆ ವಾರ ಸುತ್ತು ಕೂಡಿತು, ಮಲ್ಟಿಮೀಟರಲ್ಲಿ ಎಲ್ಲಾ ಕಡೆ ಕರೆಂಟು. ಇಂಜಿನ್ ಇಟ್ಟು ಗುಂಡಿ ತಿರುಗಿಸಿದ್ರೆ ಓಡುತ್ತೆ, ಆದ್ರೆ ಟಕ್, ಟಕ್, ಟಕ್ ಅಂತ ಎರಡೆರಡು ಬೆರಳಗಲಕ್ಕೂ ಎಗರುತ್ತೆ, ಎರಡು ಮಾರು ಹೋಗೋದ್ರೊಳಗೆ ಹಳಿ ಇಳಿಯುತ್ತೆ. ಹಳಿ ಸರಿ ಇಲ್ಲ ಅಂತ ಎರಡು ದಿನ ಹಳಿ ಬಿಚ್ಚಿ ಜೋಡಿಸಿದ್ವಿ. ಮಾವನೋರು ಹೇಳಿದ್ರು, "ಹಳಿ ತಪ್ಪಾಗಿದ್ರೆ ಒಂದೇ ಜಾಗದಲ್ಲಿ ಎಗರ್ಬೇಕು, ಇದು ಎಲ್ಲಾ ಕಡೆ ಎಗರ್ತೈತೆ, ಚಕ್ರ ನೋಡು." ಅದು ಸರಿ ಇತ್ತು. ಚಕ್ರ ಒಂದು ಸುತ್ತಿಗೆ ಒಂದು ಟಕ್.

ಇಂಜಿನ್ ತಳದ ಕವರ್ ತೆಗೆದು, ಎರಡು ಚಕ್ರ ಕೂಡಿಸೋ ಅಚ್ಚಿನ ಮೇಲಿರೋ ಬಿಳಿ ಹಲ್ಲಿನ ಗೇರನ್ನ ಮೊಬೈಲ್ ಟಾರ್ಚ್ ಹಾಕಿ ಜೂಮ್ ಮಾಡಿ ನೋಡಿದ್ರೆ, ಎರಡು ಹಲ್ಲಿನ ನಡುವೆ ಕೂದಲೆಳೆಯಷ್ಟು ಸೀಳು. ಈ ಗೇರಿನ ಎರಡೂ ಕಡೆಯಿಂದ ಚಕ್ರದ ಲೋಹದ ಕಡ್ಡಿ ಬಿಗಿಯಾಗಿ ಒತ್ತಿರ್ತಾರೆ, ಪ್ಲಾಸ್ಟಿಕ್ ವರ್ಷಗಟ್ಟಲೆ ಆ ಬಿಗಿ ತಡ್ಕೊಂಡು ಕೊನೆಗೆ ಸೀಳುತ್ತೆ, ಸೀಳಿದ ಕಡೆ ಹಲ್ಲು ಅಗಲವಾಗಿ ಮೇಲಿನ ಗೇರಿಗೆ ತಡೆಯುತ್ತೆ, ಅದೇ ಆ ಟಕ್. ಹಳೇ ಎಚ್‌ಓ ಇಂಜಿನ್‌ಗಳಲ್ಲಿ ಇದು ಬಹಳ ಸಾಮಾನ್ಯವಾಗಿ ಬರೋ ಕಾಯಿಲೆ ಅಂತ ಆಮೇಲೆ ತಿಳೀತು. ತಕ್ಷಣ ಅಂಟೋ ಗಮ್ ಹಚ್ಚಿ ನೋಡಿದೆ, ಅರ್ಧ ಗಂಟೆ ನಿಂತು ಮತ್ತೆ ಬಿಟ್ಕೊಳ್ತು. ಈ ಜಾತಿ ಪ್ಲಾಸ್ಟಿಕ್ಕಿಗೆ ಗಮ್ ಹಿಡಿಯೋದಿಲ್ಲ, ನೀವು ಪ್ರಯತ್ನ ಮಾಡಬೇಡಿ, ಗಮ್ ಹರಿದು ಪಕ್ಕದ ಗೇರೂ ಹಾಳಾಗುತ್ತೆ.

ಗೇರ್ ಇಲ್ಲಿ ಸಿಗಲಿಲ್ಲ. ಅಣ್ಣ ಅಲ್ಲಿ ನಾಲ್ಕು ಗೇರಿನ ಒಂದು ಪ್ಯಾಕೆಟ್ ತಗೊಂಡು ಏಪ್ರಿಲ್ 28ಕ್ಕೆ ಪೋಸ್ಟ್ ಮಾಡಿದ. ಬರೀ ಪೋಸ್ಟಿಗೇ ಗೇರಿಗಿಂತ ಜಾಸ್ತಿ ಆಯ್ತಂತೆ, ದುಡ್ಡು ಕೇಳಿದ್ರೆ ಬೈದ. ಟ್ರ್ಯಾಕಿಂಗ್‌ನಲ್ಲಿ ಒಂದು ವಾರಕ್ಕೆ ಇಂಡಿಯಾಗೆ ಬಂತು ಅಂತ ತೋರಿಸ್ತು, ಆಮೇಲೆ ಹತ್ತು ದಿನ ಅಲ್ಲಾಡಲಿಲ್ಲ. ಮೇ 19ಕ್ಕೆ ಒಂದು ಪತ್ರ ಬಂತು: ಒಳಗೆ ಏನಿದೆ, ಬಿಲ್ ಎಲ್ಲಿ, ದುಡ್ಡು ಕಟ್ಟಿದ್ದಕ್ಕೆ ದಾಖಲೆ, ನಿಮ್ಮ ಗುರುತಿನ ಚೀಟಿ ಕೊಡಿ ಅಂತ. ಅಣ್ಣ ಕಸ್ಟಮ್ಸ್ ಫಾರಂನಲ್ಲಿ ಬರೀ "ಪಾರ್ಟ್ಸ್" ಅಂತ ಬರೆದು ಬೆಲೆ ಸರಿಯಾಗಿ ತುಂಬಿರ್ಲಿಲ್ಲ, ಅದಕ್ಕೇ ನಿಂತಿದ್ದು. ಆಧಾರ್ ಜೆರಾಕ್ಸ್, ಅಂಗಡಿ ಬಿಲ್ಲು, ಅಣ್ಣನ ಕಾರ್ಡ್ ಸ್ಟೇಟ್‌ಮೆಂಟಿನ ಆ ಒಂದು ಸಾಲು, ಜೊತೆಗೆ ನಾನೇ ಒಂದು ಪತ್ರ, ಇದು ಮಗುವಿನ ಹಳೇ ಆಟದ ರೈಲಿಗೆ ಬೇಕಾದ ಪ್ಲಾಸ್ಟಿಕ್ ಗೇರು, ಮಾರೋಕಲ್ಲ ಅಂತ ಬರೆದು ಕಳಿಸಿದೆ. ಜೂನ್ 6ಕ್ಕೆ ಪೋಸ್ಟ್‌ಮನ್ ಬಾಗಿಲಿಗೆ ತಂದ್ರು, ಸುಂಕ ಫೀಸು ಸೇರಿ 640 ಕಟ್ಟಿಸ್ಕೊಂಡು ಕೈಗೆ ಕೊಟ್ರು. ಹೊರಗಿಂದ ತರಿಸೋರು ಕಳಿಸೋರಿಗೆ ಮೊದಲೇ ಹೇಳಿ: ಫಾರಂನಲ್ಲಿ ವಸ್ತು ಏನು, ಯಾವುದಕ್ಕೆ, ಎಷ್ಟು ಪೀಸು, ಬೆಲೆ ಎಷ್ಟು ಅಂತ ಪೂರ್ತಿ ಬರೀಬೇಕು, ಬಿಲ್ಲಿನ ಪ್ರತಿ ಒಳಗೂ ಹಾಕ್ಬೇಕು, ಹೊರಗೂ ಅಂಟಿಸ್ಬೇಕು.

ಆ ಐದಾರು ವಾರ ಕಾಯೋದು ಬಹಳ ಕಷ್ಟ ಆಯ್ತು. ರಜೆ ಮುಗೀತು, ಸ್ಕೂಲ್ ಶುರುವಾಯ್ತು, ಮಗ ಮೂರನೇ ಕ್ಲಾಸಿಗೆ ಬಂದ. ಮೊದಮೊದಲು ದಿನಾ "ಪೋಸ್ಟ್ ಬಂತಾ" ಅಂತಿದ್ದ, ಆಮೇಲೆ ಕೇಳೋದು ಬಿಟ್ಟ, ಅದೇ ನನಗೆ ಹೆದರಿಕೆ, ಮತ್ತೆ ಎರಡು ವರ್ಷದ ಹಿಂದಿನ ಥರ ಆಗ್ಬಿಡುತ್ತೇನೋ ಅಂತ. ಹಾಲ್‌ನಲ್ಲಿ ಹಳಿ ಹಾಗೇ ಬಿಟ್ಟಿದ್ವಿ. ನೆಲ ಒರೆಸೋವಾಗ ಅದರ ಸುತ್ತ ಒರೆಸೋದು, ನೆಂಟರು ಬಂದ್ರೆ ದಾಟ್ಕೊಂಡು ಬರೋದು. ನಮ್ಮನೆಯವರು ಲಾರಿ ಟ್ರಿಪ್ ಮುಗಿಸಿ ಬಂದಾಗ "ತೆಗೆದಿಡು, ಕಾಲಿಗೆ ಸಿಗ್ತೈತೆ" ಅಂದ್ರು, ಮಾವನೋರು "ಲೈನ್ ಬ್ಲಾಕ್ ತಗೊಂಡೀವಿ, ಕೆಲಸ ಮುಗಿಯೋ ತನಕ ಯಾರೂ ಮುಟ್ಟಂಗಿಲ್ಲ" ಅಂದ್ರು. ಅತ್ತೆ ಒಳ್ಳೇದಾಗ್ಲಿ ಅಂತ ಇಂಜಿನ್ ಗೇರಿಗೆ ಕೊಬ್ಬರಿ ಎಣ್ಣೆ ಬಿಡೋಕೆ ಬಂದಿದ್ರು, ತಡೆದೆ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತೆ. ಹೊಲಿಗೆ ಮಷಿನ್ ಎಣ್ಣೆ, ಅದೂ ಸೂಜಿ ತುದಿಯಲ್ಲಿ ಒಂದೇ ಹನಿ, ಸಾಕು.

ಗೇರ್ ಬಂದ ದಿನ ರಾತ್ರಿನೇ ಹಾಕೋಕೆ ಕೂತೆ. ಹಳೇ ಗೇರ್ ಸೀಳಿದ್ದರಿಂದ ಚಕ್ರ ಎಳೆದ ಕೂಡ್ಲೆ ಬಂತು. ಹೊಸದಕ್ಕೆ ಎರಡೂ ಚಕ್ರ ನೆಟ್ಟಗೆ ಒತ್ತಬೇಕು, ಸೊಟ್ಟ ಆದ್ರೆ ಚಕ್ರ ಓಲಾಡುತ್ತೆ. ಎಷ್ಟು ಒತ್ತಬೇಕು ಅನ್ನೋದಕ್ಕೂ ಲೆಕ್ಕ ಇದೆ, ಎರಡು ಚಕ್ರದ ಒಳಮೈ ನಡುವೆ ಹದಿನಾಲ್ಕೂವರೆ ಮಿಲಿಮೀಟರ್ ಹತ್ರ ಇರ್ಬೇಕು. ಕಮ್ಮಿ ಆದ್ರೆ ಹಳಿ ಕವಲಾಗೋ ಜಾಗದಲ್ಲಿ ಹತ್ತಿ ಇಳಿಯುತ್ತೆ, ಜಾಸ್ತಿ ಆದ್ರೆ ಕರ್ವ್‌ನಲ್ಲಿ ಸಿಕ್ಕೊಳ್ಳುತ್ತೆ. ಸ್ಕೇಲಲ್ಲಿ ಆಗಲ್ಲ ಇದು. ಮಾರನೇ ದಿನ ನಮ್ಮ ರೋಡಿನ ಲೇತ್ ಅಂಗಡಿಗೆ ಚಕ್ರ ತಗೊಂಡು ಹೋಗಿ ಸಣ್ಣ ಅಳತೆ ನೋಡೋ ವರ್ನಿಯರ್ ಕೇಳಿದೆ. ಅಲ್ಲಿನ ಅಣ್ಣ ಟ್ರ್ಯಾಕ್ಟರ್ ಶಾಫ್ಟ್ ಕೆಲಸ ನಿಲ್ಲಿಸಿ, ಕೈ ಒರೆಸ್ಕೊಂಡು, ವೈಸ್‌ಗೆ ಎರಡು ಮರದ ತುಂಡು ಇಟ್ಟು ಚಕ್ರವನ್ನ ಕೂದಲು ಕೂದಲು ಒತ್ತಿ, ಅಳೆದು, ಮತ್ತೆ ಒತ್ತಿ, ನಾಲ್ಕು ಸಲ ಅಳೆದು 14.4ಕ್ಕೆ ತಂದು ಕೊಟ್ಟ. ದುಡ್ಡು ಕೊಡೋಕೆ ಹೋದ್ರೆ "ಓಡಿದ್ ಮೇಲೆ ವಿಡಿಯೋ ತೋರ್ಸ್ರಿ" ಅಂದ.

ಎರಡನೇ ಅಚ್ಚಿನ ಗೇರೂ ಸೀಳೋ ಹಂತದಲ್ಲಿತ್ತು, ಅದನ್ನೂ ಬದಲಾಯಿಸಿದೆ.

ಟಕ್ ಸದ್ದು ಹೋಯ್ತು. ಆದ್ರೆ ಫ್ಲೆಕ್ಸ್ ಹಳಿ ಶುರುವಾಗೋ ಜಾಗದಲ್ಲಿ ಪ್ರತಿ ಸುತ್ತಿಗೂ ಹಿಂದಿನ ಬೋಗಿ ಇಳೀತಿತ್ತು. ಈಗ ಒಂದೇ ಜಾಗ, ಅಂದ್ರೆ ಹಳಿದೇ ತಪ್ಪು. ಮಾವನೋರು ಎಪ್ಪತ್ತು ದಾಟಿದೋರು, ಗೋಡೆ ಹಿಡ್ಕೊಂಡು ಮೆಲ್ಲಗೆ ನೆಲಕ್ಕೆ ಕೂತು, ಆಮೇಲೆ ಪೂರ್ತಿ ಮಲಗಿ, ಕೆನ್ನೆ ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿ ಹಳಿ ಉದ್ದಕ್ಕೂ ನೋಡಿದ್ರು. ಸರ್ವಿಸಲ್ಲಿ ದಿನಾ ಹಳಿ ಮೇಲೆ ನಡ್ಕೊಂಡು ಹೋಗ್ತಾ ಬಗ್ಗಿ ಹೀಗೇ ಕಣ್ಣಳತೇಲಿ ನೋಡ್ತಿದ್ರಂತೆ. ಮಗನೂ ಪಕ್ಕದಲ್ಲಿ ಹಾಗೇ ಮಲಗಿದ. ಎರಡು ನಿಮಿಷ ಇಬ್ಬರೂ ಮಾತಾಡಲಿಲ್ಲ. "ಇಲ್ಲಿ ಮೊಣಕೈ ಆಗೈತೆ" ಅಂದ್ರು ಮಾವನೋರು, ಬೆರಳಿಟ್ಟು. ಜಾಯಿಂಟ್ ಹತ್ರ ಹಳಿ ದುಂಡಗೆ ತಿರುಗೋ ಬದ್ಲು ಸಣ್ಣ ಮೂಲೆ ಆಗಿತ್ತು, ಜೊತೆಗೆ ನಮ್ಮ ನೆಲದ ಟೈಲ್ಸ್ ಒಂದು ಅಲ್ಲಿ ಒಂದು ಎಳೆ ತಗ್ಗು. ಹಳೇ ಕ್ಯಾಲೆಂಡರ್ ರಟ್ಟು ಮಡಚಿ ಹಳಿ ಕೆಳಗೆ ಕೊಟ್ವಿ, ಅವರು ಅದಕ್ಕೆ ಪ್ಯಾಕಿಂಗ್ ಅಂದ್ರು. ಜಾಯಿಂಟನ್ನ ಸೀಮೆಸುಣ್ಣದ ಗೆರೆಗೆ ಮತ್ತೆ ತಂದ್ವಿ. ಆಮೇಲೆ ಓಡಿದ್ದೇ ನಾನು ಮೊದಲು ಹೇಳಿದ ಆ ಸುತ್ತು. ಮಗ ಕೂಗಲಿಲ್ಲ, ಕುಣಿಯಲಿಲ್ಲ. ಅಜ್ಜನ ತೋಳು ಗಟ್ಟಿಯಾಗಿ ಹಿಡ್ಕೊಂಡು ಉಸಿರು ಬಿಗಿ ಹಿಡಿದು ನೋಡ್ತಾ ಇದ್ದ, ಸುತ್ತು ಮುಗಿದ ಮೇಲೆ ಚಪ್ಪಲೀನೂ ಹಾಕ್ಕೊಳ್ಳದೆ ಪಕ್ಕದ ಮನೆ ಹುಡುಗನ್ನ ಕರೆಯೋಕೆ ಓಡಿದ.

ಇನ್ನೊಂದು ವಿಷಯ ಹೇಳಲೇಬೇಕು, ಯಾಕಂದ್ರೆ ಇದು ಓಡಿದ ಮೇಲೆ ಬರೋ ತೊಂದ್ರೆ. ಸೆಟ್‌ನಲ್ಲಿ ಹಳಿ ಕವಲಾಗೋ ಒಂದು ಪಾಯಿಂಟ್ ಪೀಸಿದೆ. ಸೋಮವಾರ ಸ್ಕೂಲಿಂದ ಬಂದು ಮಗ ತಾನೇ ಹಳಿ ಬದಲಾಯಿಸಿ, ರೈಲು ಒಂದು ನೇರ ಹಳಿಯಿಂದ ಹೋಗಿ, ಸುತ್ತು ಹೊಡೆದು, ಅದೇ ಹಳಿಗೆ ವಾಪಸ್ ಬರೋ ಹಾಗೆ ಜೋಡಿಸಿದ್ದ. ಗುಂಡಿ ತಿರುಗಿಸಿದ್ರೆ ಅಡಾಪ್ಟರ್ ಲೈಟೇ ಆರಿ ಹೋಗುತ್ತೆ. ನನಗೆ ಮತ್ತೆ ಆ ಸುಟ್ಟ ದಿನ ನೆನಪಾಗಿ ಕೈ ನಡುಗ್ತು. ಪ್ಲಗ್ ಕಿತ್ತು, ಕಾಗದದ ಮೇಲೆ ಹಳಿ ಬರೆದು, ಒಂದು ಹಳಿಗೆ ಕೆಂಪು ಸ್ಕೆಚ್ ಪೆನ್ನು, ಇನ್ನೊಂದಕ್ಕೆ ನೀಲಿ ಹಿಡಿದು ಎಳೀತಾ ಹೋಗು ಅಂದೆ. ಸುತ್ತು ತಿರುಗಿ ವಾಪಸ್ ಬಂದಾಗ ಕೆಂಪು ಹೋಗಿ ನೀಲಿಗೆ ಸೇರ್ತು. ಪ್ಲಸ್ಸು ಮೈನಸ್ಸು ನೇರ ಕೂಡಿದ ಹಾಗೆ, ಶಾರ್ಟ್. ಎರಡು ಹಳಿಯಲ್ಲಿ ಕರೆಂಟ್ ಹರಿಯೋ ಎಲ್ಲಾ ಸೆಟ್ಟಿಗೂ ಇದು ಹೀಗೇನೇ, ರೈಲು ತಾನು ಬಂದ ಹಳಿಗೇ ಉಲ್ಟಾ ಸೇರೋ ಹಾಗಿದ್ರೆ ಆ ಸುತ್ತಿನ ಎರಡೂ ತುದೀಲಿ ಎರಡೂ ಹಳಿಗೆ ಪ್ಲಾಸ್ಟಿಕ್ ಜಾಯಿನರ್ ಹಾಕಿ ಕರೆಂಟ್ ಕಡಿದು, ಆ ಭಾಗಕ್ಕೆ ಬೇರೆ ಸ್ವಿಚ್ ಕೊಡ್ಬೇಕು. ಅದು ನಾವಿನ್ನೂ ಮಾಡಿಲ್ಲ. ಅಡಾಪ್ಟರ್ ಏನೂ ಆಗಿರ್ಲಿಲ್ಲ, ಶಾರ್ಟ್ ಆದ್ರೆ ತಾನೇ ನಿಲ್ಲೋ ಥರದ್ದು ಕೊಡಿ ಅಂತ ಅಂಗಡೀಲಿ ಕೇಳಿ ತಂದಿದ್ದೆ, ನೀವೂ ಹಾಗೆ ಕೇಳಿ ತಗೊಳ್ಳಿ, ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ನೋಂದಣಿ ಗುರುತು ಇಲ್ಲದ ಅಡಾಪ್ಟರ್ ಮಕ್ಕಳ ಆಟಕ್ಕೆ ಬೇಡ.

ಖರ್ಚು ಕೇಳೋರಿಗೆ: ನಿಜವಾಗ್ಲೂ ಬೇಕಾಗಿದ್ದಕ್ಕೆ, ಸ್ಪಿರಿಟ್ಟು, ಉಪ್ಪುಕಾಗದ, ಬ್ಯಾಟರಿ ಎಲ್ಲಾ ಹಿಡಿದು 2,600 ಹತ್ರ. ನನ್ನ ಆತುರಕ್ಕೆ ಹೋಗಿದ್ದು, ಆ ರಿಪೇರಿಯೋರಿಗೆ ಕೊಟ್ಟಿದ್ದು, ಕೂರದ ಮೋಟರ್, ಕೂಡದ ಹಳಿ, ಅದರ ಕೊರಿಯರ್ ಸೇರಿ 1,150. ನೀವು ಬ್ಯಾಟರಿ, ಆಮೇಲೆ ಚಕ್ರ, ಆಮೇಲೆ ಅಡಾಪ್ಟರ್, ಆಮೇಲೆ ಹಳಿ, ಕೊನೆಗೆ ಗೇರು, ಈ ಕ್ರಮದಲ್ಲಿ ನೋಡ್ತಾ ಹೋದ್ರೆ ಎರಡನೇ ಲೆಕ್ಕ ನಿಮಗೆ ಬರಲ್ಲ.

ನಾಲ್ಕು ಗೇರಲ್ಲಿ ಎರಡು ಉಳಿದಿವೆ. ಮಾತ್ರೆ ಡಬ್ಬಿಯಲ್ಲಿ ಹಾಕಿ, ಹಲ್ಲೆಷ್ಟು, ಅಚ್ಚಿನ ದಪ್ಪ ಎಷ್ಟು ಅಂತ ಚೀಟಿ ಬರೆದು ಅಂಟಿಸಿ, ಸೆಟ್ ಜೊತೆಗೇ ಇಟ್ಟಿದೀನಿ. ಸೆಟ್ ಈಗ ಟಿವಿ ಕೆಳಗಿನ ಕಪಾಟಿನಲ್ಲಿದೆ, ಮಗನ ಕೈಗೆ ಸಿಗೋ ಎತ್ತರದಲ್ಲಿ.